ಕಾಕಾನ ಬೈ ಟು ಚಾ

ನಮ್ಮ ಕಾಕಾ ಹುಟ್ಟಿದಾಗಿನಿಂದ ಒಂದು ಪೂರ್ತಿ ಕಪ್ ಚಹಾ ಕುಡಿದಿಲ್ಲ ಎಂದರೆ ನಂಬುತ್ತೀರಾ? ಅಯ್ಯೋ, ಚಹಾ ಬಿಟ್ಟವರೇನಲ್ಲ! ಸಿಂಧನೂರಿನಲ್ಲಿ ಅವರು ಕೂರದ ಹೋಟೆಲೇ ಇಲ್ಲ. ಆದರೆ ಕುಡಿಯುವುದೆಲ್ಲ ಬೈ ಟು. ಒಂದು ಚಹಾ, ಎರಡು ಕಪ್, ಎದುರಿಗೊಬ್ಬ ಮನುಷ್ಯ. ಆ ಮನುಷ್ಯ ಯಾರಾದರೂ ನಡೆದೀತು!

"ಒಬ್ಬನ ಕುಂತು ಕುಡಿಯಾಕ ಅದೇನು ಕಷಾಯ ಏನಲೇ?" ಎಂದು ನನ್ನನ್ನೇ ಗದರುತ್ತಾರೆ.

ಒಮ್ಮೆ ಮಸ್ಕಿಯಲ್ಲಿ ಬಸ್ಸು ನಿಂತಾಗ ಯಾರೂ ಸಿಗದೆ ಡ್ರೈವರನನ್ನೇ ಇಳಿಸಿಕೊಂಡು ಹೋದರು. ಕಂಡಕ್ಟರ್ ಸೀಟಿ ಊದಿದ್ದೇ ಊದಿದ್ದು!

"ಡ್ರೈವರ್ ಇಲ್ಲೇ ಅದಾನ, ಬಸ್ ಎಲ್ಲಿ ಹೋಗತೈತಿ? ನೀನೂ ಬಾರಪಾ!"

ಕಂಡಕ್ಟರನೂ ಬಂದ. ಈಗ ಮೂವರಾದರಲ್ಲ, ಜೋಡಿ ಕೆಟ್ಟಿತು! ಪಾಮನಕಲ್ಲೂರಿಗೆ ಹೊರಟಿದ್ದ ಪ್ರಯಾಣಿಕನೊಬ್ಬನನ್ನೂ ಕೆಳಗಿಳಿಸಿದರು.

ಇಂಥವರನ್ನು ಕಟ್ಟಿಕೊಂಡು ನಾನು ಲಿಂಗಸುಗೂರಿಗೆ ಅವರ ಮಗಳಿಗೆ ವರ ನೋಡಲು ಹೋದೆ. ಕಾಕಿ ತೀರಿಕೊಂಡ ಮೇಲೆ ತಾವೇ ಜಡೆ ಹೆಣೆದು ಬೆಳೆಸಿದ ಒಬ್ಬಳೇ ಮಗಳು. ಈ ಸಂಬಂಧ ಕೂಡಿಬರಲಿ ಎಂದು ಮನೆಯವರೆಲ್ಲ ಕಾಯುತ್ತಿದ್ದರು.

"ಕಾಕಾ, ಇವತ್ತೊಂದು ದಿನ ಕಂಡಕಂಡವರ ಜೋಡಿ ಮಾತಾಡಬ್ಯಾಡ್ರಿ" ಎಂದು ದಾರಿಯುದ್ದಕ್ಕೂ ಹೇಳಿದ್ದೆ. ಕೇಳುತ್ತಾರೆಯೇ? ಬಸ್ಸಿಳಿದದ್ದೇ ತಡ, ಎದುರಿನ ಹೋಟೆಲಿನಲ್ಲಿ ಒಬ್ಬರೇ ಕುಳಿತಿದ್ದ ಹಿರಿಯರನ್ನು ಹಿಡಿದೇಬಿಟ್ಟರು!

"ಬೈ ಟು ಹೇಳ್ಲೇನ್ರಿ?"

"ಹೇಳ್ರಿ. ಯಾವ ಕಡಿಂದ ಬಂದೀರಿ?"

"ಸಿಂಧನೂರಿಂದ್ರಿ. ಮಗಳಿಗೆ ವರ ನೋಡಾಕ ಬಂದೀವಿ. ಹುಡುಗ ಬಂಗಾರದಂಥಾಂವ ಅಂತ್ರಿ. ಅವರಪ್ಪ ಮಾತ್ರ ಭಾಳ ಕಂಜೂಸ್ ಅಂತ!"

ನಾನು ಮೇಜಿನ ಕೆಳಗೆ ಕಾಕಾನ ಕಾಲು ತುಳಿದೆ. ಏನು ಪ್ರಯೋಜನ? ಮಾತು ಆಗಲೇ ಹೊರಬಿದ್ದಿತ್ತು.

ಹಿರಿಯರು ನಿಧಾನವಾಗಿ ಒಂದು ಗುಟುಕು ಕುಡಿದರು. "ಖರೆ ಐತ್ರಿ. ಅದಕ್ಕ ನೋಡ್ರಿ, ಬೀಗರಾಗಾವ್ರ ರೊಕ್ಕದಾಗ ಚಾ ಕುಡಿಯಾಕತ್ತಾನ!"

ಅಯ್ಯೋ, ಇವರೇ ಹುಡುಗನ ಅಪ್ಪ! ಮಧ್ಯಸ್ಥರು ಹುಡುಗನ ಫೋಟೊ ಕಳಿಸಿದ್ದರು. ಅಪ್ಪನ ಫೋಟೊ ಯಾರು ಕಳಿಸುತ್ತಾರೆ? ಮುಗಿಯಿತು ಸಂಬಂಧ ಎಂದುಕೊಂಡೆ. ಆದರೆ ಆ ಹಿರಿಯರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಏಳ್ರಿ, ಮನಿಗೆ ಹೋಗೂಣು" ಎಂದು ಎದ್ದರು.

ಕಾಕಾ ಏಳಲಿಲ್ಲ. ಅವರ ಕೈ ಹಿಡಿದುಕೊಂಡರು. ಅಷ್ಟು ಸಣ್ಣ ದನಿಯಲ್ಲಿ ಕಾಕಾ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಎದ್ದ ಕೂಡ್ಲೇ ನನ್ನ ಮಗಳಿಗೆ ಚಾ ಬೇಕ್ರಿ. ಅವರವ್ವ ಹೋದಾಗಿಂದ ನಾನೂ ಆಕಿನೂ ಕೂಡೇ ಕುಡಿಯೋದು. ನಿಮ್ಮ ಮನ್ಯಾಗ ಆಕಿನ್ನ ಒಬ್ಬಾಕಿನ್ನ ಕುಡಿಯಾಕ ಬಿಡಬ್ಯಾಡ್ರಿ."

ಹಿರಿಯರ ನಗು ನಿಂತಿತು. ಮತ್ತೆ ಕುಳಿತು, ಇನ್ನೊಂದು ಕೈಯನ್ನೂ ಕಾಕಾನ ಕೈಮೇಲಿಟ್ಟರು.

"ದಿನಾ ಮುಂಜಾನಿ ಆಕಿ ಜೋಡಿ ನಾ ಕೂಡತೀನ್ರಿ, ಬೀಗರ" ಎಂದರು.