ಅರ್ಧ ಹೊಟ್ಟೆಯವರ ಪಂಕ್ತಿ

ಒಂದು ಕಷ್ಟವನ್ನು ದಾಟಿ ಬಂದವನಿಗೆ ನಮ್ಮ ಕಡೆ ವಿಶ್ರಾಂತಿ ಸಿಗುವುದಿಲ್ಲ, ನೌಕರಿ ಸಿಗುತ್ತದೆ. ಮಗಳ ಮದುವೆ ಮುಗಿಸಿ ಉಸಿರು ಬಿಟ್ಟವನ ಮನೆಗೆ ವರ ಹುಡುಕುವವರು ಬರುತ್ತಾರೆ. ಬಾವಿಯಲ್ಲಿ ನೀರು ಕಂಡವನನ್ನು ಕರೆದೊಯ್ದು ತಮ್ಮ ಹೊಲದಲ್ಲಿ ನಿಲ್ಲಿಸಿ ಎಲ್ಲಿ ತೋಡೋಣ ಅನ್ನುತ್ತಾರೆ. ನಾನು ಮಾನ್ವಿಯ ಶಾಲೆಯಲ್ಲಿ ಲೆಕ್ಕ ಕಲಿಸುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಒಬ್ಬ ಪಾಲಕನಾದರೂ ಮನೆಗೆ ಬಂದು, ಮಾಸ್ತರ್ರ, ನನ್ನ ಮಗನಿಗೆ ಭಿನ್ನರಾಶಿ ಯಾಕೆ ಬರುವುದಿಲ್ಲ ಎಂದು ಕೇಳಿದ್ದಿಲ್ಲ. ಹೊಟ್ಟೆ ಕೊಯ್ಸಿಕೊಳ್ಳಬೇಕಾದವರು ಮಾತ್ರ ಯಾಪಲದಿನ್ನಿಯಿಂದ, ಜಾಲಹಳ್ಳಿಯಿಂದ ವಿಳಾಸ ಕೇಳಿಕೊಂಡು ಬಂದು ನಮ್ಮ ಪಡಸಾಲೆಯಲ್ಲಿ ಕೂರುತ್ತಿದ್ದರು. ನಾನು ಬದುಕಿದ್ದೇನೆಯೇ ಎಂದು ಮೊದಲು ಮುಖ ನೋಡುತ್ತಿದ್ದರು, ಆಮೇಲೆ ನನ್ನ ಹೊಟ್ಟೆಯ ಮೇಲಿನ ಗಾಯದ ಗುರುತು ತೋರಿಸಲು ಹೇಳುತ್ತಿದ್ದರು. ತೋರಿಸಿ ತೋರಿಸಿ ನನಗೆ ಸಾಕಾಗಿ ಹೋಗಿತ್ತು.

ಈಗ ನನ್ನನ್ನು ನೋಡಿದವರು ನಂಬುವುದಿಲ್ಲ, ಒಂದು ಕಾಲಕ್ಕೆ ನಾನು ದಪ್ಪನೆಯ ಮನುಷ್ಯ. ಟಾಂಗಾದವನು ನನ್ನನ್ನು ಕಂಡೊಡನೆ ಬಾಡಿಗೆ ಹೇಳುವ ಮೊದಲು ಕುದುರೆಯ ಮುಖ ನೋಡುತ್ತಿದ್ದ, ಅಷ್ಟು ದಪ್ಪ. ನನ್ನ ಅವ್ವ ಬಾಗಲವಾಡದಲ್ಲಿ ಮಂದಿಯ ಹೊಲದಲ್ಲಿ ಕಳೆ ತೆಗೆದು, ಹತ್ತಿ ಬಿಡಿಸಿ ನನ್ನನ್ನು ಓದಿಸಿದವಳು. ನಮ್ಮ ಅಪ್ಪನಿಗಾಗಲಿ, ಅಜ್ಜನಿಗಾಗಲಿ ಹೊಟ್ಟೆ ಅನ್ನುವುದು ಬೆನ್ನಿಗೆ ಅಂಟಿಕೊಂಡೇ ಇತ್ತು, ಮುಂದೆ ಬಂದದ್ದೇ ಇಲ್ಲ. ಹಾಗಾಗಿ ಮಾಸ್ತರಿಕೆ ಸಿಕ್ಕು, ಪಗಾರ ಶುರುವಾಗಿ, ನನ್ನ ಹೊಟ್ಟೆ ಮೆಲ್ಲಗೆ ಮುಂದೆ ಬಂದಾಗ ಅವ್ವನಿಗೆ ಅದು ನಾನು ಪಾಸಾದ ಎಲ್ಲ ಪರೀಕ್ಷೆಗಳಿಗಿಂತ ದೊಡ್ಡದಾಗಿ ಕಂಡಿತು. ಸಂತೆಗೆ ಹೋದರೆ ನನ್ನನ್ನು ಮುಂದೆ ಬಿಟ್ಟು ತಾನು ಹಿಂದೆ ಬರುತ್ತಿದ್ದಳು. ಗೊತ್ತಿದ್ದವರು ಎದುರಾದರೆ ನಿಂತು ಮಾತಾಡುತ್ತಿದ್ದಳು. ಮಾತು ಅವರ ಜೊತೆ, ಕಣ್ಣು ನನ್ನ ಹೊಟ್ಟೆಯ ಮೇಲೆ. ಬೆಳಗ್ಗೆ ಮಂಡಾಳ ಒಗ್ಗರಣೆ, ಮಿರ್ಚಿ ಭಜಿ. ಮಧ್ಯಾಹ್ನ ರೊಟ್ಟಿ, ಕೆಂಪು ಖಾರದ ಹಿಂಡಿ. ಸಂಜೆಗೆ ಮತ್ತೆ ಮಿರ್ಚಿ, ಅದರ ಉರಿ ಇಳಿಯಲಿ ಎಂದು ಸುಡುವ ಚಹಾ. ನನ್ನ ಹಸಿವಿಗೆ ಉಂಡೆನೋ, ಉಣ್ಣದೇ ಹೋದ ಅಜ್ಜ ಮುತ್ತಜ್ಜರ ಪರವಾಗಿ ಉಂಡೆನೋ, ನನಗೇ ತಿಳಿಯದು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಹೊಟ್ಟೆಯೊಳಗೆ ಹುಣ್ಣಾಯಿತು. ಪಾಠ ಮಾಡುತ್ತಾ ಮಾಡುತ್ತಾ ಕರಿಹಲಗೆ ಹಿಡಿದು ಬಗ್ಗಿಬಿಡುತ್ತಿದ್ದೆ. ರಾಯಚೂರಿನಲ್ಲಿ ದೊಡ್ಡ ಡಾಕ್ಟರು ನೋಡಿ, ಔಷಧದ ಕಾಲ ಮುಗಿಯಿತು ಎಂದರು. ಹೊಟ್ಟೆಯ ಅರ್ಧಕ್ಕಿಂತ ಹೆಚ್ಚು ಭಾಗ ತೆಗೆದು ಉಳಿದದ್ದನ್ನು ಕರುಳಿಗೆ ಸೇರಿಸಿ ಹೊಲಿದರು. ಮನೆಗೆ ಕಳಿಸುವಾಗ, ಇನ್ನು ಮೇಲೆ ಸ್ವಲ್ಪ ಸ್ವಲ್ಪ ಊಟ ಮಾಡಬೇಕು ಎಂದರು. ಸ್ವಲ್ಪ ಅಂದರೆ ಎಷ್ಟು ಎಂದು ಅವರು ಹೇಳಲಿಲ್ಲ. ಲೆಕ್ಕದ ಮಾಸ್ತರನಾದ ನಾನೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಸ್ವಲ್ಪ ಉಣ್ಣುವುದು ಅಂದರೆ ಮೂರನೇ ಸಲ ಬಡಿಸಲು ಬಂದಾಗ ಬೇಡ ಅನ್ನುವುದು.

ಮನೆಗೆ ಬಂದ ವಾರದಲ್ಲೇ ಅವ್ವ, ಮಗ ಬದುಕಿ ಬಂದನೆಂದು ಗೋಧಿ ಹುಗ್ಗಿ ಮಾಡಿ, ಬೆಲ್ಲ ತುಪ್ಪ ಕೈತುಂಬ ಹಾಕಿ ಎದುರಿಗೆ ಇಟ್ಟಳು. ಒಂದು ಬಟ್ಟಲು ಉಂಡೆ. ಸ್ವಲ್ಪ ಹೊತ್ತಿಗೆ ಎದೆ ಡವಡವ ಹೊಡೆದುಕೊಂಡಿತು, ಮೈಯೆಲ್ಲ ಬೆವರಿತು, ಕಣ್ಣು ಕತ್ತಲೆಗಟ್ಟಿತು. ನಾನು ಸಾಯುತ್ತಿದ್ದೇನೆ ಎಂದು ತಿಳಿದು ಹೆಂಡತಿಗೆ ಪಿಂಚಣಿಯ ವಿಷಯ ಹೇಳತೊಡಗಿದೆ. ಅವಳು ಅಳುತ್ತಾ, ಮೊದಲು ಆ ಪಿಂಚಣಿ ಕಾಗದಕ್ಕೆ ಸಹಿ ಹಾಕುವ ಶಾಲಾ ಇನ್ಸ್‌ಪೆಕ್ಟರರ ಹೆಸರೇನು ಹೇಳ್ರಿ ಎಂದಳು. ಅಷ್ಟರಲ್ಲಿ ಎಲ್ಲ ಇಳಿದು ನಿದ್ದೆ ಬಂತು. ಮರುದಿನ ಮತ್ತೆ ಹಾಗೇ. ನಾನು ಉಣ್ಣಲು ಹೆದರಿದೆ, ಅವರು ಬಡಿಸಲು ಹೆದರಿದರು. ಮೈ ಇಳಿಯುತ್ತಾ ಹೋಯಿತು. ಅವ್ವ ಒಂದು ಸಂಜೆ ನನ್ನ ಪಕ್ಕ ಕೂತು, ಜೋಳಿಗೆಯಂತೆ ಜೋತುಬಿದ್ದ ನನ್ನ ಅಂಗಿಯನ್ನು ಮುಟ್ಟಿ ನೋಡಿ ಹೇಳಿದಳು, "ಇಲ್ಲದ ಕಾಲಕ್ಕ ಹೊಟ್ಟಿ ಇತ್ತು. ಇರೋ ಕಾಲಕ್ಕ ಹೊಟ್ಟಿನ ಇಲ್ಲದಂಗಾತಲ್ಲೋ ಯಪ್ಪಾ." ನಗಬೇಕೆಂದು ನೋಡಿದೆ, ಆಗಲಿಲ್ಲ.

ಆಗ ಬಂದವನು ಜಾಲಹಳ್ಳಿಯ ಮಾಳಪ್ಪ. ಕುರಿ ಹಿಂಡಿನ ಮನೆತನ, ಸ್ವಲ್ಪ ಹೊಲವೂ ಇತ್ತು. ನನಗಿಂತ ಒಂದು ವರ್ಷ ಮೊದಲು ಅದೇ ಡಾಕ್ಟರ ಕೈಯಲ್ಲಿ ಇದೇ ಆಪರೇಷನ್ ಮಾಡಿಸಿಕೊಂಡವನು. ಆಸ್ಪತ್ರೆಯ ಕಂಪೌಂಡರ್ ಹೇಳಿದನೆಂದು, ಗುರುತಿಲ್ಲದ ನನ್ನನ್ನು ನೋಡಲು ಬಂದಿದ್ದ. ನಾನು ಎದೆ ಬಡಿತದ ಕತೆ ಹೇಳುತ್ತಿದ್ದಂತೆ ಅವನು ನನ್ನ ವಾಕ್ಯಗಳನ್ನು ತಾನೇ ಮುಗಿಸತೊಡಗಿದ. ಕೊನೆಗೆ, "ಅದು ಸಾವಲ್ರೀ ಮಾಸ್ತರ್ರ, ಅದು ಬೆಲ್ಲ," ಎಂದ. ಅಷ್ಟು ದಿನಗಳಲ್ಲಿ ನನಗೆ ಬಂದ ಮೊದಲ ಒಳ್ಳೆಯ ಸುದ್ದಿ ಅದು. ಸಿಹಿ ಬಿಡಬೇಕು, ಊಟದ ಜೊತೆ ನೀರು ಕುಡಿಯಬಾರದು, ಮುಷ್ಟಿಯಷ್ಟೇ ಉಣ್ಣಬೇಕು, ಆದರೆ ಮೇಲಿಂದ ಮೇಲೆ ಉಣ್ಣಬೇಕು, ಕುರಿ ಮೆಲುಕು ಹಾಕಿದಂತೆ ಅಗಿಯಬೇಕು, ಉಂಡ ಮೇಲೆ ಅಡ್ಡಾಗಬೇಕು ಎಂದ. ಇದೆಲ್ಲ ಸರಿಯಾಗಿಯೇ ಇತ್ತು. ಇದರ ಜೊತೆಗೆ, ಕಂಬಳಿಯ ಮೇಲೆ ಕೂತು ಉಂಡರೆ ಮಾತ್ರ ಮೈಗೆ ಹತ್ತುತ್ತದೆ ಎಂದೂ ಅಷ್ಟೇ ಖಾತ್ರಿಯಿಂದ ಹೇಳಿದ. ಯಾವುದು ಔಷಧ, ಯಾವುದು ಮಾಳಪ್ಪ ಎಂದು ಬೇರ್ಪಡಿಸುವುದು ತಿಳಿಯದೆ ನಾನು ಮಾನ್ವಿಯ ಬೇಸಿಗೆಯನ್ನೆಲ್ಲ ಕಂಬಳಿಯ ಮೇಲೆ ಕೂತು ಕಳೆದೆ.

ಬದುಕಿಕೊಂಡೆ. ಬದುಕಿಕೊಂಡದ್ದೇ ತಪ್ಪಾಯಿತು. ರಾಯಚೂರಿನ ಡಾಕ್ಟರು ಯಾರಾದರೂ ಆಪರೇಷನ್ನಿಗೆ ಹೆದರಿದರೆ ನನಗೆ ಹೇಳಿ ಕಳಿಸುತ್ತಿದ್ದರು. ಭಾನುವಾರ ಬಸ್ಸು ಹತ್ತಿ ಹೋಗಿ ಮಂಚದ ಪಕ್ಕ ನಿಂತು ಸಾಕ್ಷಿ ಹೇಳಿ ಬರುತ್ತಿದ್ದೆ. ಮದುವೆ ಮನೆಗಳಲ್ಲಿ ಬೇರೆ ಕಷ್ಟ. ಎರಡು ತುತ್ತಿಗೆ ಕೈ ತೊಳೆದರೆ ಬೀಗರಿಗೆ ಸಿಟ್ಟು. ಅಡುಗೆ ಸೇರಲಿಲ್ಲವೇ, ನಮ್ಮ ಮನೆಯಲ್ಲಿ ಉಣ್ಣಬಾರದೇ ಎಂಬ ಮಾತು. ಆ ಮಾತಿನ ಹಿಂದೆ, ಕೂಲಿಯವಳ ಮಗನಿಗೆ ಈಗ ನಮ್ಮ ಅನ್ನ ಸಾಲದೇ ಎಂಬಂಥ ಬೇರೆ ಮಾತುಗಳೂ ಇರುತ್ತವೆ, ನನ್ನಂಥವನಿಗೆ ಅವು ಬೇಗ ಕೇಳಿಸುತ್ತವೆ. ಹಾಗಾಗಿ ಪಂಕ್ತಿಯಲ್ಲಿ ಹೊಟ್ಟೆಯ ಚರಿತ್ರೆಯನ್ನು ಮೊದಲಿನಿಂದ ಹೇಳಬೇಕು. ಹೇಳಿ ಮುಗಿಯುವಷ್ಟರಲ್ಲಿ ಪಕ್ಕದವನು ಅನ್ನ ಬಿಟ್ಟು ಎದ್ದಿರುತ್ತಿದ್ದ.

ದೇವದುರ್ಗದ ಶಾಂತಾಬಾಯಿ ಅಕ್ಕೋರು ಬಂದದ್ದು ಇಂಥ ದಿನಗಳಲ್ಲಿ. ಅಲ್ಲಿನ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ. ಅವರಿಗೆ ಹುಣ್ಣು ಇರಲಿಲ್ಲ, ದೇಹ ಇತ್ತು. ನನ್ನ ಹಳೆಯ ದೇಹವನ್ನು ಅದರ ಪಕ್ಕ ನಿಲ್ಲಿಸಿದ್ದರೆ ಬಣವೆಯ ಪಕ್ಕ ಬೆಕ್ಕು ನಿಂತಂತೆ ಕಾಣುತ್ತಿತ್ತು. ಶಾಲೆಯ ಮೇಲಂತಸ್ತಿಗೆ ಅವರು ಹತ್ತಿ ವರ್ಷಗಳಾಗಿದ್ದವು. ಮಲಗಿದರೆ ಉಸಿರು ನಿಲ್ಲುತ್ತಿತ್ತು, ಕೂತೇ ನಿದ್ದೆ ಮಾಡುತ್ತಿದ್ದರು. ಮುಂಬಯಿಯಲ್ಲಿದ್ದ ಅವರ ತಮ್ಮ, ಅಲ್ಲಿ ಒಬ್ಬ ಡಾಕ್ಟರು ಇಂಥವರಿಗೂ ಹೊಟ್ಟೆ ಹೊಲಿದು ಸಣ್ಣದು ಮಾಡುತ್ತಾರೆ, ಮೈ ತಾನಾಗಿ ಇಳಿಯುತ್ತದೆ ಎಂದು ಹೇಳಿದ್ದನಂತೆ. ಇದನ್ನು ಕೇಳಿ ಮಾಳಪ್ಪ ಬೆರಗಾದ. ನಮ್ಮ ಜನ ಮೈ ಇಳಿಯಿತೆಂದು ಅಳುತ್ತಾರೆ, ಇಳಿಸಲು ದುಡ್ಡು ಕೊಡುವವರೂ ಇದ್ದಾರೆಯೇ ಎಂದು ಆಮೇಲೆ ಎಷ್ಟೋ ಸಲ ಕೇಳಿದ.

ಅಕ್ಕೋರು ಗಾಯ ತೋರಿಸಲು ಹೇಳಲಿಲ್ಲ. ಎಷ್ಟು ಉಣ್ಣುತ್ತೀರಿ ಎಂದೂ ಕೇಳಲಿಲ್ಲ. ಗಟ್ಟಿ ಕುರ್ಚಿ ನೋಡಿ ಕೂತು, ಸೆರಗಿನಿಂದ ಬೆವರು ಒರೆಸಿಕೊಂಡು, "ಆಮ್ಯಾಲೆ ಹಸಿವು ಆಗತದೇನ್ರಿ?" ಎಂದರು.

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಇದ್ದದ್ದನ್ನು ಇದ್ದಂತೆ ಹೇಳಿದೆ, "ಹೊಟ್ಟಿ ಹಸಿವು ಹೋಗತದ್ರಿ ಅಕ್ಕೋರೆ. ನಾಲಿಗಿ ಹಸಿವು ಹೋಗಂಗಿಲ್ಲ. ಒಮ್ಮೊಮ್ಮೆ ಮಂದಿ ಉಣ್ಣೂದು ನೋಡಿ ಅಳು ಬರತದ."

ಅವರು ತಲೆಯಾಡಿಸಿದರು. ನಾನು ಮಾಡಿಸಿಕೊಳ್ಳಿ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ನನ್ನಷ್ಟು ಜಾಣತನದಿಂದ ಜವಾಬ್ದಾರಿ ತಪ್ಪಿಸಿಕೊಂಡವರು ಯಾರೂ ಇಲ್ಲ ಎಂದು ನಾನೇ ಮೆಚ್ಚಿಕೊಂಡೆ. ಅಕ್ಕೋರು ಮುಂಬಯಿಗೆ ಹೋದರು, ಮಾಡಿಸಿಕೊಂಡು ಬಂದರು ಎಂಬ ಸುದ್ದಿ ಬಂತು. ಒಳ್ಳೆಯದಾಯಿತು ಎಂದುಕೊಂಡೆ.

ಒಂದು ದಿನ ಅವರ ಯಜಮಾನರು ನಮ್ಮ ಶಾಲೆಯ ಗೇಟಿನಲ್ಲಿ ಬಂದು ನಿಂತರು. ಕೋರ್ಟಿನಲ್ಲಿ ಗುಮಾಸ್ತರು, ಮೆತ್ತಗಿನ ಮನುಷ್ಯ. ಹೆಂಡತಿ ಒಂದು ತುತ್ತೂ ಮುಟ್ಟುತ್ತಿಲ್ಲ ಎಂದರು. ಬಂದ ಹೊಸತರಲ್ಲಿ ಯಾರದೋ ಮನೆಯಲ್ಲಿ ಬಲವಂತಕ್ಕೆ ಒಂದು ಹೋಳಿಗೆ ತಿಂದು, ತಮ್ಮ ಹಳೆಯ ವಿದ್ಯಾರ್ಥಿನಿಯರ ಎದುರಿಗೇ ವಾಂತಿ ಮಾಡಿಕೊಂಡರಂತೆ. ಅವತ್ತಿನಿಂದ ಎರಡು ಗುಟುಕು ಚಹಾ ಬಿಟ್ಟರೆ ಬೇರೆ ಇಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ. ಡಾಕ್ಟರು ಹೊಲಿಗೆ ಸರಿಯಾಗಿದೆ, ಉಂಡರೆ ಉಳಿಯುತ್ತಾರೆ ಎಂದಿದ್ದಾರೆ. ಇಷ್ಟು ಹೇಳಿ ಅವರು ನೆಲ ನೋಡುತ್ತಾ, "ನಿಮ್ಮನ್ನ ನೋಡೇ ಅಕಿ ಧೈರ್ಯ ಮಾಡಿದ್ದರಿ," ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಅವತ್ತು ಮಾನ್ವಿ ಸಂತೆಗೆ ಬಂದಿದ್ದ ಮಾಳಪ್ಪನನ್ನೂ ಎಳೆದುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವರಿಗೆ ಏನು ಹೇಳಬೇಕೆಂದು ನಮ್ಮಿಬ್ಬರಿಗೆ ಜಗಳ. ನಾನು ಗಂಜಿ ಅಂದರೆ ಅವನು ಆಡಿನ ಹಾಲು ಅನ್ನುವನು. ನೀರು ಊಟಕ್ಕೆ ಮೊದಲು ಕುಡಿಯಬೇಕೋ ಆಮೇಲೋ ಎಂಬ ವಾದದಲ್ಲಿ ಬಸ್ಸಿನ ಹಿಂದಿನ ಸೀಟಿನವರೂ ಸೇರಿಕೊಂಡರು. ನಡುವೆ ಟೈರು ಪಂಕ್ಚರ್ ಆಯಿತು, ರಸ್ತೆ ಬದಿಯ ಜಾಲಿ ನೆರಳಿನಲ್ಲಿ ಬಹಳ ಹೊತ್ತು ಕೂತೆವು. ದೇವದುರ್ಗ ಮುಟ್ಟಿದಾಗ ಹೊತ್ತು ಇಳಿದಿತ್ತು.

ಯಜಮಾನರು ಹೇಳಿದಂತೆಯೇ ಅಕ್ಕೋರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮೈ ಇಳಿದು ಕುಪ್ಪಸ ಜೋಲುತ್ತಿತ್ತು. ನಾನು ಗಂಜಿಯ ಮಾತು ತೆಗೆದೆ. ಮಾಳಪ್ಪ ಆಡಿನ ಹಾಲಿನ ಮಾತು ತಂದ. ನಾನು ನೀರು ಆಮೇಲೆ ಅಂದೆ, ಅವನು ಮೊದಲೇ ಅಂದ. ಗೋಡೆಯ ಕಡೆಯಿಂದಲೇ, ಹೆಡ್‌ಮಿಸ್ಟ್ರೆಸ್ ದನಿಯಲ್ಲಿ ಅಕ್ಕೋರು ಹೇಳಿದರು, "ಇಬ್ರೂ ಹೊರಗ ಹೋಗಿ ಒಂದು ಉತ್ತರ ಮಾಡ್ಕೊಂಡು ಒಳಗ ಬರ್ರಿ."

ಹೊರಗೆ ಹೋಗಲು ಎದ್ದೆ. ಎದ್ದೊಡನೆ ಕಣ್ಣು ಕತ್ತಲೆಗಟ್ಟಿತು, ಹಣೆಯ ಮೇಲೆ ತಣ್ಣನೆ ಬೆವರು. ಮೇಲಿಂದ ಮೇಲೆ ಉಣ್ಣಬೇಕಾದ ನಾನು ಬೆಳಗಿನಿಂದ ಏನೂ ತಿಂದಿರಲಿಲ್ಲ. ಬಾಗಿಲಿಗೆ ಆತು ಅಲ್ಲೇ ಕೂತುಬಿಟ್ಟೆ. ಮಾಳಪ್ಪ ಸಮಾಧಾನ ಹೇಳಲು ಬಗ್ಗಿದವನು ತಾನೂ ನನ್ನ ಪಕ್ಕ ಕುಸಿದ. ಅವನದೂ ಅದೇ ಸ್ಥಿತಿ. ಉಪದೇಶ ಮಾಡಲು ಬಂದ ಇಬ್ಬರು ಹೊಸ್ತಿಲಲ್ಲಿ ಗೋಣಿಚೀಲಗಳಂತೆ ಬಿದ್ದಿದ್ದೆವು. ಯಜಮಾನರು ಗಾಬರಿಯಾಗಿ, ಏನು ಕೊಡಬೇಕೆಂದು ತಿಳಿಯದೆ ಬೀಸಣಿಗೆ ತಂದರು.

ಅಕ್ಕೋರು ತಿರುಗಿ ನೋಡಿದರು. ಗೋಡೆ ಹಿಡಿದು ಎದ್ದು ಕೂತರು. "ಮನಿಗೆ ಬಂದವರಿಗೆ ಊಟ ಆಗ್ಯಾದೇನು ಅಂತ ಯಾರೂ ಕೇಳಿಲ್ಲೇನು?" ಎಂದು ಗಂಡನನ್ನು ನೋಡಿದ ನೋಟಕ್ಕೆ ನಮಗೇ ಅರ್ಧ ಚೇತರಿಕೆಯಾಯಿತು. ಯಾರ ಕೈಯನ್ನೂ ಹಿಡಿಯದೆ, ನಿಂತು ನಿಂತು ಅಡುಗೆ ಮನೆಗೆ ನಡೆದರು. ಜೋಳದ ನುಚ್ಚು ಬೇಯಿಸಿ ಮಜ್ಜಿಗೆ ಕಲಸಿ ಮೂರು ತಟ್ಟೆಗೆ ಹಾಕಿಕೊಂಡು ಬಂದರು. ಮೂರನೆಯದು ಯಜಮಾನರಿಗೆ ಎಂದು ನಾನು ತಿಳಿದಿದ್ದೆ. ಅವರು ಅದನ್ನು ತಮ್ಮ ಮುಂದೆ ಇಟ್ಟುಕೊಂಡು ನಮ್ಮ ಎದುರಿಗೆ ಕೂತರು.

ನಾವು ನಿಧಾನವಾಗಿ ಅಗಿಯತೊಡಗಿದೆವು. ಯಾರೂ ಇನ್ನೊಂದಿಷ್ಟು ಹಾಕಿಸಿಕೊಳ್ಳಿ ಅನ್ನಲಿಲ್ಲ, ಇಷ್ಟೇ ಏನು ಎಂದು ಕೇಳಲಿಲ್ಲ. ಆಪರೇಷನ್ ಆದ ಮೇಲೆ ನಾನು ಪಂಕ್ತಿಯಲ್ಲಿ ಎಲ್ಲರ ಜೊತೆ ಊಟ ಮುಗಿಸಿದ್ದು ಅದೇ ಮೊದಲು. ನಡುವೆ ಅಕ್ಕೋರು ಒಮ್ಮೆ ತಡೆದು ಎದೆಯ ಮೇಲೆ ಕೈ ಇಟ್ಟುಕೊಂಡರು. ಮಾಳಪ್ಪನೂ ನಾನೂ ತುತ್ತು ಹಿಡಿದು ಕಾದೆವು. ಇಳಿಯಿತು. ಮತ್ತೆ ಅಗಿದರು. ಬಾಗಿಲಲ್ಲಿ ನಿಂತಿದ್ದ ಯಜಮಾನರು ಮುಖ ಆಚೆ ತಿರುಗಿಸಿದರು.

ಆಮೇಲೆ ಕೆಲವು ತಿಂಗಳು ನಾವು ಭಾನುವಾರಗಳಲ್ಲಿ ಹೋಗಿ ಬಂದೆವು, ಸಲಹೆ ಕೊಡಲು ಅಲ್ಲ, ಉಣ್ಣಲು. ಅಕ್ಕೋರು ಸುಧಾರಿಸಿದರು. ಮೈ ಇಳಿಯಿತು, ಅಂಗಾತ ಮಲಗಿ ನಿದ್ದೆ ಮಾಡಿದರು. ಒಂದು ದಿನ ಶಾಲೆಯ ಮೇಲಂತಸ್ತಿಗೆ ಹತ್ತಿಯೂ ಹೋದರಂತೆ. ಅಲ್ಲಿ ಎಷ್ಟೋ ವರ್ಷದಿಂದ ನಿಶ್ಚಿಂತೆಯಿಂದ ಸ್ವೆಟರ್ ಹೆಣೆಯುತ್ತಿದ್ದ ಟೀಚರುಗಳು ಇವತ್ತಿಗೂ ಮುಂಬಯಿಯ ಆ ಡಾಕ್ಟರಿಗೆ ಶಾಪ ಹಾಕುತ್ತಾರೆ.

ಈಗ ಹೊಟ್ಟೆ ಕೊಯ್ಸಿಕೊಳ್ಳುವವರೆಲ್ಲ ದೇವದುರ್ಗಕ್ಕೇ ಹೋಗುತ್ತಾರೆ. ಕಂಪೌಂಡರ್ ಕೂಡ ಅಕ್ಕೋರ ವಿಳಾಸವನ್ನೇ ಕೊಡುತ್ತಾನೆ. ನನಗೆ ಭಾನುವಾರ ಬಿಡುವು. ಬಿಡುವು ಬೇಕೆಂದು ಎಷ್ಟು ವರ್ಷ ಗೊಣಗಿದ್ದೆ, ಸಿಕ್ಕ ಮೇಲೆ ಪಡಸಾಲೆಯಲ್ಲಿ ಕೂತು ಯಾರಾದರೂ ಬರುತ್ತಾರೇನೋ ಎಂದು ರಸ್ತೆ ನೋಡುತ್ತಿರುತ್ತೇನೆ. ಮೊನ್ನೆ ಯಾಪಲದಿನ್ನಿಯವನೊಬ್ಬ ಬಂದ. ಹುರುಪಿನಿಂದ ಕೂರಿಸಿದೆ. ಅವನಿಗೆ ಬೇಕಾಗಿದ್ದದ್ದು ದೇವದುರ್ಗದ ಬಸ್ಸಿನ ವೇಳೆ. ಹೇಳಿದೆ, ಮಾನ್ವಿ ಮಾಸ್ತರೇ ಕಳಿಸಿದರು ಎಂದು ಅಕ್ಕೋರಿಗೆ ತಿಳಿಸಲೂ ಹೇಳಿದೆ.

ಅವನು ತಿಳಿಸಿದನಂತೆ. ಅಕ್ಕೋರು ಬಹಳ ಸಂತೋಷಪಟ್ಟರಂತೆ, ಬಂದವರಿಗೆಲ್ಲ ತಾವು ಮೊದಲ ಪಾಠದಲ್ಲೇ ನನ್ನ ಹೆಸರು ಹೇಳುವುದಾಗಿ ಅಂದರಂತೆ. ದೇವದುರ್ಗಕ್ಕೆ ಹೋಗಿ ಬಂದ ಮಾಳಪ್ಪ ಇದನ್ನು ಹೇಳಿದಾಗ ನನಗೆ ಎದೆ ಉಬ್ಬಿತು. ಯಾವ ಪಾಠ ಎಂದು ಕೇಳಿದೆ. ಹೇಳಲು ಅವನು ಸ್ವಲ್ಪ ಹಿಂದೆ ಮುಂದೆ ನೋಡಿದ. "ಮಾನ್ವಿ ಮಾಸ್ತರ್ರಂಗ ಖಾಲಿ ಹೊಟ್ಟೀಲೆ ಬಸ್ಸು ಹತ್ತಬ್ಯಾಡ್ರಿ, ಮಂದಿ ಮನಿ ಹೊಸ್ತಿಲದಾಗ ಬೀಳತೀರಿ ಅಂತರಿ."