ಡೆಂಕ್‌ಮಾಲ್ ಮನೆಗೆ ಮೊಳೆ ಹೊಡೆದವರು

ಕೆಲವರಿಗೆ ವರ್ಷಕ್ಕೊಮ್ಮೆ ಎದೆ ಧಸಕ್ ಅನ್ನುತ್ತದೆ. ನನಗೆ ಜರ್ಮನಿಯಲ್ಲಿ ವಾರಕ್ಕೊಮ್ಮೆ ಅನ್ನುತ್ತಿತ್ತು, ಅದೂ ನನ್ನ ಮನೆಯಲ್ಲೇ. ಅಲ್ಲಿನ ಸರ್ಕಾರ ಗ್ರೀನ್ ಕಾರ್ಡ್ ಕೊಟ್ಟು ನಮ್ಮಂಥ ಸಾಫ್ಟ್‌ವೇರ್ ಮಂದಿಯನ್ನು ಕರೆಸಿಕೊಳ್ಳುತ್ತಿದ್ದ ಕಾಲ ಅದು. ನನ್ನ ಆಫೀಸು ಮ್ಯಾನ್‌ಹೈಮ್ ಹತ್ತಿರ. ಹೆಂಡತಿಗೆ ವೀಸಾ ಬೇಕೆಂದರೆ ಮೊದಲು ಮನೆ ತೋರಿಸಬೇಕು. ಮನೆ ಕೇಳಲು ಹೋದರೆ ನನ್ನ ಮುಖ ನೋಡಿ "ಅಯ್ಯೋ, ಈಗಷ್ಟೇ ಹೋಯಿತಲ್ಲ" ಎನ್ನುವರು. ಮದುವೆಯಾಗಿಯೂ ಎಂಟು ತಿಂಗಳು ಬ್ರಹ್ಮಚಾರಿಯಾಗಿದ್ದೆ.

ಕೊನೆಗೆ ಒಂದು ಪುಟ್ಟ ಊರಿನಲ್ಲಿ ಒಬ್ಬ ಅಜ್ಜಿ ಒಪ್ಪಿದರು. ಮರದ ತೊಲೆಗಳ ನಡುವೆ ಗೋಡೆ ತುಂಬಿಸಿದ, ನಾನೂರು ವರ್ಷ ಹಳೆಯ, ಬಲಕ್ಕೆ ವಾಲಿದ ಮನೆ. ಕೆಳಗೆ ಅಜ್ಜಿ, ಮೇಲೆ ನಾವು. ಆದರೆ ಅದು ಡೆಂಕ್‌ಮಾಲ್, ಅಂದರೆ ಸರ್ಕಾರ ಕಾಪಾಡುವ ಹಳೇ ಕಟ್ಟಡ.

"ಒಂದೇ ಷರತ್ತು," ಎಂದರು ಅಜ್ಜಿ. "ಏನನ್ನೂ ಬದಲಾಯಿಸಬಾರದು. ಡೆಂಕ್‌ಮಾಲ್ ಆಫೀಸಿನವರು ನಿಮ್ಮ ಮೇಲೆ ದೂರು ಹೇಳಿದರೆ ಅವತ್ತೇ ಗಂಟುಮೂಟೆ ಕಟ್ಟಬೇಕು."

ಮನೆ ಹೋದರೆ, ಬಂದ ಹೆಂಡತಿಯೂ ವಿಮಾನ ಹತ್ತಿ ವಾಪಸ್ ಹೋಗಬೇಕಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಒಪ್ಪಿ ಸಹಿ ಹಾಕಿದೆ. ವೀಸಾ ಸಿಕ್ಕಿ ಹೆಂಡತಿಯೂ ಬಂದಳು.

೧. ಸರ್ಕಾರಿ ಕೆಲಸ

ಬಾಗಿಲ ಪಕ್ಕ ಒಂದು ಫಲಕವಿತ್ತು. ಓದುವಷ್ಟು ಜರ್ಮನ್ ನನಗೆ ಬರುತ್ತಿರಲಿಲ್ಲ. "ನಾವಿರುವುದು ಯಾರೋ ದೊಡ್ಡ ಮನುಷ್ಯರ ಮನೆ, ಸರ್ಕಾರವೇ ಫಲಕ ಹಾಕಿಸಿದೆ" ಎಂದು ಮಾವನವರಿಗೆ ಫೋನಿನಲ್ಲಿ ಕೊಚ್ಚಿಕೊಂಡೆ. ಅವರು ಗದಗಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು.

ಮೊದಲ ಭಾನುವಾರ ಬೆಳಗ್ಗೆ ಲುಂಗಿ ಬನಿಯನ್ನಿನಲ್ಲಿ, ಬಾಯಲ್ಲಿ ಬ್ರಷ್ ಇಟ್ಟುಕೊಂಡು ಕಿಟಕಿ ತೆರೆದರೆ ಕೆಳಗೆ ಇಪ್ಪತ್ತು ಜನ ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದಾರೆ! ಇಬ್ಬರು ಫೋಟೋ ಬೇರೆ ಹೊಡೆದರು. ಊರು ತೋರಿಸುವ ಗೈಡ್ ಒಬ್ಬಳು ಫಲಕದತ್ತ ಕೈಮಾಡಿ ಏನೋ ಹೇಳುತ್ತಿದ್ದಳು. ಹೇಳಿ ಮುಗಿಸಿ ತನ್ನ ಕತ್ತಿನ ಮೇಲೆ ಅಡ್ಡಡ್ಡ ಬೆರಳೆಳೆದಳು. ಬ್ರಷ್ ನನ್ನ ಬಾಯಿಂದ ಬಿದ್ದೇಹೋಯಿತು.

ಕೆಳಗಿಳಿದು ಅಜ್ಜಿಯನ್ನು ಕೇಳಿದೆ. "ಅದಾ? ಹಿಂದಿನ ಕಾಲದಲ್ಲಿ ಊರಿನ ಅಪರಾಧಿಗಳ ತಲೆ ಕಡಿಯುತ್ತಿದ್ದವನ ಮನೆ ಇದು. ಬಹಳ ಅಚ್ಚುಕಟ್ಟಾದ ಮನುಷ್ಯನಂತೆ," ಎಂದರು, ಕಾಫಿ ಬಗ್ಗಿಸುತ್ತಾ.

ಸಂಜೆ ಮಾವನವರ ಫೋನು. "ಅಳಿಯಂದ್ರ, ಆ ದೊಡ್ಡ ಮನಷ್ಯಾ ಏನ್ ಮಾಡ್ತಿದ್ದಾ? ಮಂದಿ ಕೇಳಾಕತ್ಯಾರ."

"ಸರ್ಕಾರಿ ಕೆಲಸ ಮಾವ," ಎಂದೆ.

"ಛಲೋ ಆತು. ಪೆನ್ಶನ್ ಇತ್ತೇನು?"

೨. ಇವತ್ತು ಯಾವ ಹಬ್ಬ?

ಒಂದು ದಿನ ಆಫೀಸು ಮುಗಿಸಿ ಬಸ್ಸಿನಿಂದ ಇಳಿದು ನೋಡುತ್ತೇನೆ. ಸರ್ಕಾರ ಕಾಪಾಡುವ ಆ ಮನೆಯ ಮುಂಭಾಗದ ಮೇಲೆ, ಮಹಡಿ ಕಿಟಕಿಯಿಂದ ಬಾಗಿಲವರೆಗೆ, ನನ್ನ ಹೆಂಡತಿ ಒಣಹಾಕಿದ ಕೆಂಪು ಇಳಕಲ್ ಸೀರೆ ಇಳಿಬಿದ್ದಿದೆ. ರಸ್ತೆಯಾಚೆ ಜನ ನಿಂತಿದ್ದಾರೆ. ಯಾರಾದರೂ ಡೆಂಕ್‌ಮಾಲ್ ಆಫೀಸಿಗೆ ಹೇಳಿದರೆ ಮುಗಿಯಿತು ಕಥೆ.

ಒಬ್ಬ ಹಿರಿಯರು ನನ್ನನ್ನು ಕಂಡು ಟೋಪಿ ತೆಗೆದು ಗೌರವದಿಂದ ಕೇಳಿದರು: "ಇವತ್ತು ನಿಮ್ಮ ದೇಶದ ರಾಷ್ಟ್ರೀಯ ಹಬ್ಬವೇ?"

"ಹೌದು," ಎಂದು ಹೇಳಿ ಒಳಗೆ ಓಡಿದೆ. ಅವರು ಬಿಡಲಿಲ್ಲ. ಮುಂದಿನ ಬುಧವಾರ ಹಬ್ಬದ ಶುಭಾಶಯ ಹೇಳಲು ಕೇಕ್ ಹಿಡಿದು ಬಂದರು.

೩. ಒಂದೇ ಒಂದು ಮೊಳೆ

ಫ್ರಾಂಕ್‌ಫರ್ಟಿನಿಂದ ನನ್ನ ಗೆಳೆಯನೊಬ್ಬ ಬಂದಿದ್ದ. ಗೋಡೆಗೆ ಒರಗಿಸಿಟ್ಟಿದ್ದ ಗಣಪತಿ ಪಟ ನೋಡಿ ಅವನಿಗೆ ಸಂಕಟವಾಯಿತು.

"ಏನ್ ಮಗಾ, ದೇವ್ರನ್ನ ನೆಲದ ಮೇಲೆ ಕೂರ್ಸಿದೀಯ? ಸುತ್ತಿಗೆ ಕೊಡು."

"ಬೇಡ್ವೋ, ಡೆಂಕ್‌ಮಾಲ್ ಇದು."

"ಒಂದ್ ಮೊಳೆಗೆ ಯಾವನನ್ನ ಕೇಳ್ಬೇಕು ಗುರು?"

ಮೊದಲ ಏಟಿಗೆ ಮೊಳೆ ಒಳಗೆ ಹೋಯಿತು. ಎರಡನೆಯದಕ್ಕೆ ಸುತ್ತಿಗೆಯೂ ಹೋಯಿತು. ಮೂರಡಿ ಅಗಲದಷ್ಟು ಗೋಡೆ ಧೊಪ್ಪೆಂದು ನೆಲಕ್ಕೆ ಬಿತ್ತು. ಒಳಗೆ ಇಟ್ಟಿಗೆಯೂ ಇಲ್ಲ, ಸಿಮೆಂಟೂ ಇಲ್ಲ, ಬರೀ ಮಣ್ಣು, ಹುಲ್ಲು, ಕಡ್ಡಿ. ನನ್ನ ಕಣ್ಣಿಗೆ ಏರ್‌ಪೋರ್ಟಿನಲ್ಲಿ ಅಳುತ್ತಾ ಕೈಬೀಸುವ ಹೆಂಡತಿ ಕಂಡಳು.

ಗೆಳೆಯ ಸುತ್ತಿಗೆಯನ್ನು ಮೆಲ್ಲಗೆ ನನ್ನ ಕೈಗಿಟ್ಟ. "ಗುರು, ನನ್ ಟ್ರೈನಿಗೆ ಟೈಮಾಯ್ತು," ಎಂದ.

೪. ಒಂದು ಬಕೆಟ್

ಹೆಂಡತಿ ಮಾತ್ರ ಬಿದ್ದ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿ ನಕ್ಕಳು. "ಅಯ್ಯ, ಇದಕ್ಯಾಕ ಇಷ್ಟ್ ಅಂಜ್ತೀರಿ? ನಮ್ಮ ಅವ್ವನ ಅವ್ವನ ಮನಿ ಗ್ವಾಡಿ ಹಿಂಗ ಅದಾವ. ಬಿದ್ದ ಮಣ್ಣು ನೆನಸಿ, ಹುಲ್ಲು ಹಾಕಿ, ತುಳದು ಮೆತ್ತಿದ್ರ ಆತು. ಒಂದ್ ಬಕೆಟ್ ಹೆಂಡಿ ತರ್ರಿ."

ನಾನು ಮೈಸೂರಿನವನು. ಹೆಂಡಿ ಎಂದರೆ ಸಗಣಿ ಎಂದು ಅವಳೇ ಬಿಡಿಸಿ ಹೇಳಬೇಕಾಯಿತು. ಆಗ ಆದ ಆಘಾತ ಗೋಡೆ ಬಿದ್ದಾಗಲೂ ಆಗಿರಲಿಲ್ಲ.

ಊರಾಚೆಯ ರೈತನ ಕೊಟ್ಟಿಗೆಗೆ ಹೋದೆ. ಆಫೀಸಿನ ಟೈ ಕತ್ತಿನಲ್ಲೇ ಇತ್ತು. ಗೊಬ್ಬರ ಬೇಕೆಂದೆ.

"ಎಷ್ಟು ಟನ್?"

"ಒಂದು ಬಕೆಟ್."

"ತೋಟಕ್ಕಾ?"

"ಇಲ್ಲ, ನಮ್ಮ ಹಾಲ್‌ಗೆ."

ರೈತ ಬಕೆಟ್ ತುಂಬಿಸಿ ಕೊಟ್ಟು, "ಹುಷಾರಾಗಿರಪ್ಪ," ಎಂದು ಬೆನ್ನು ತಟ್ಟಿದ.

ಸ್ನಾನದ ತೊಟ್ಟಿಯಲ್ಲಿ ಹೆಂಡತಿ ಸೀರೆ ಎತ್ತಿ ಕಟ್ಟಿ ಮಣ್ಣು ತುಳಿದಳು. "ಮೇಲೇನು ಧಪಧಪ ಸದ್ದು?" ಎಂದು ಅಜ್ಜಿ ಮೆಟ್ಟಿಲ ಬುಡದಿಂದ ಕೂಗಿದರು. "ವ್ಯಾಯಾಮ!" ಎಂದೆ. ನನ್ನ ತೂಕ ನೋಡಿದ್ದ ಅಜ್ಜಿಗೆ ಸಂತೋಷವಾಯಿತು.

೫. ಮೂಸಿ ನೋಡಿದವರು

ನಾಲ್ಕನೇ ದಿನ ಡೆಂಕ್‌ಮಾಲ್ ಆಫೀಸಿನ ಕಾಗದ ಬಂತು: ಗುರುವಾರ ಅಧಿಕಾರಿ ಬಂದು ಮನೆಯನ್ನು ಒಳಗಿನಿಂದ ಪರೀಕ್ಷಿಸುತ್ತಾರೆ. ಮೆತ್ತಿದ ಜಾಗ ಇನ್ನೂ ಹಸಿ. ಬಿಳಿ ಗೋಡೆಯ ನಡುವೆ ಕಪ್ಪಗೆ ಎದ್ದು ಕಾಣುತ್ತಿತ್ತು. ನಾನು ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ಬುಧವಾರ ಸೂಟ್‌ಕೇಸ್ ಕೂಡ ಕೆಳಗಿಳಿಸಿ ಇಟ್ಟೆ.

ಅಧಿಕಾರಿ ನೇರ ಆ ಗೋಡೆಯ ಹತ್ತಿರವೇ ಹೋದರು. ಜೊತೆಗೆ ಮೇಲೆ ಬಂದಿದ್ದ ಅಜ್ಜಿಗೆ ಅದು ಕಂಡದ್ದು ಆಗಲೇ. "ಯೇಸುವೇ!" ಎಂದು ಕುರ್ಚಿಯಲ್ಲಿ ಕೂತುಬಿಟ್ಟರು. ಅಧಿಕಾರಿ ಕೈಯಿಟ್ಟರು, ಉಗುರಿನಿಂದ ಕೆರೆದರು, ಮೂಗು ತಾಗಿಸಿ ಮೂಸಿದರು.

"ಇದರಲ್ಲೇನಿದೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಸ್ಪಷ್ಟವಾದ ಇಂಗ್ಲಿಷಿನಲ್ಲಿ ಹೇಳಿದಳು: "ಸಗಣಿ." ನಾನು ಕಣ್ಣು ಮುಚ್ಚಿಕೊಂಡೆ.

ಟಿಪ್ಪಣಿ ಪುಸ್ತಕ ತೆರೆದ ಸದ್ದು ಕೇಳಿಸಿತು. "ಎಷ್ಟು ಮಣ್ಣಿಗೆ ಎಷ್ಟು?" ಕಣ್ಣು ಬಿಟ್ಟರೆ ಅಧಿಕಾರಿ ಪೆನ್ನು ಹಿಡಿದು ನಿಂತಿದ್ದರು. "ಈ ಕೆಲಸ ಎಲ್ಲಿ ಕಲಿತಿರಿ?"

"ನಮ್ಮಮ್ಮನ ಅಮ್ಮನ ಹತ್ತಿರ," ಎಂದಳು ಹೆಂಡತಿ.

"ಯಾವ ಸಂಸ್ಥೆಯಲ್ಲಿದ್ದಾರೆ ಅವರು?"

ಆಮೇಲೆ ಅವರು ಅಜ್ಜಿಯ ಕಡೆ ತಿರುಗಿ ಹೇಳಿದ್ದಿಷ್ಟು: ಈ ಸೀಮೆಯವರೆಲ್ಲ ಇಂಥ ಗೋಡೆಗೆ ಸಿಮೆಂಟು ಬಳಿದು ಒಳಗಿನ ಮರವನ್ನು ಕೊಳೆಸುತ್ತಿದ್ದಾರೆ, ತಾನು ಸರ್ವೀಸಿಡೀ ಬಡಿದುಕೊಂಡರೂ ಯಾರೂ ಕೇಳಿಲ್ಲ, ಹಳೆಯ ಕ್ರಮದಲ್ಲಿ ಸರಿಯಾಗಿ ಮೆತ್ತಿದ ಗೋಡೆಯನ್ನು ಇವತ್ತೇ ನೋಡುತ್ತಿರುವುದು. ಈ ಹೆಣ್ಣುಮಗಳಿಂದ ಮನೆ ಬಿಡಿಸಬಾರದು, ಪಕ್ಕದ ಬೀದಿಯಲ್ಲಿ ಇವರು ಮೆತ್ತಬೇಕಾದ ಇನ್ನೂ ಆರು ಮನೆಗಳಿವೆ.

ಅಜ್ಜಿ ಕುರ್ಚಿಯಿಂದ ಎದ್ದು ಸೆರಗು ಇಲ್ಲದಿದ್ದರೂ ಇದ್ದವರಂತೆ ಹೆಗಲು ಸರಿಪಡಿಸಿಕೊಂಡರು. "ನಾನು ಪರಿಣತರನ್ನು ಬಿಟ್ಟು ಬೇರೆಯವರಿಗೆ ಮನೆ ಕೊಡುವುದೇ ಇಲ್ಲ," ಎಂದರು.

ನನಗೆ ಅಳು ಬಂತು. ಹೆಂಡತಿ ಉಳಿದಳು ಎಂಬ ಸಂತೋಷಕ್ಕೆ ನಾಚಿಕೆ ಬಿಟ್ಟು ಮೂಗೊರೆಸಿಕೊಂಡೆ. ಅಧಿಕಾರಿ ನನ್ನನ್ನು ಗಮನಿಸಿದ್ದು ಆಗಲೇ.

"ಇವರೂ ಇದೇ ಕಸುಬಿನವರೇ?"

"ಇಲ್ಲಪ್ಪ," ಎಂದು ಅಜ್ಜಿ ದನಿ ತಗ್ಗಿಸಿದರು. "ಇವರು ಬರೀ ಕಂಪ್ಯೂಟರ್."

ಅಧಿಕಾರಿ ಮರುಕದಿಂದ ನನ್ನ ಭುಜ ಹಿಡಿದರು. "ಪರವಾಗಿಲ್ಲ, ಅಳಬೇಡಿ," ಎಂದರು. "ಇನ್ನೂ ವಯಸ್ಸಿದೆ, ಕಲಿಯಬಹುದು."