ಮೂರನೇ ಮಹಡಿಯ ಎರೆಹುಳುಗಳು

ಅದು ಎರಡು ಸಾವಿರದ ಇಸವಿ. ಹೈದರಾಬಾದಿನ ಅರ್ಧ ಜನ ಜಾವಾ ಕಲಿಯಲು ಅಮೀರ್‌ಪೇಟ್‌ಗೆ ಓಡುತ್ತಿದ್ದಾಗ ನಾನೊಬ್ಬ ಮಾತ್ರ ಮಣ್ಣಿನತ್ತ ಮುಖ ಮಾಡಿದೆ.

"ಕಂಪ್ಯೂಟರ್ ಕಲಿತವ್ರೂ ಕಡೀಕ ತಿನ್ನೋದು ಟೊಮೆಟೋನ. ಅದನ್ನ ನಾ ಬೆಳೀತೀನಿ!" ಎಂದು ಹೆಂಡತಿ ಶಾಂಭವಿಯ ಮುಂದೆ ಘೋಷಿಸಿದೆ.

ನನ್ನ ಕೃಷಿ ಸಾಮ್ರಾಜ್ಯವೆಂದರೆ ಕೂಕಟ್‌ಪಲ್ಲಿಯ ಬಾಡಿಗೆ ಮನೆಯ ಬಾಲ್ಕನಿ. ಎಂಟಡಿ ಉದ್ದ, ಮೂರಡಿ ಅಗಲ. ಅದರಲ್ಲೂ ಒಂದು ಮೂಲೆ ವಾಷಿಂಗ್ ಮಷೀನಿನ ವಶದಲ್ಲಿತ್ತು!

ನರ್ಸರಿಯಿಂದ ತಂದ ಮಣ್ಣನ್ನು ಕೆದರಿದಾಗ ಗೇಣುದ್ದವೂ ಇಲ್ಲದ, ಕಪ್ಪಗೆ, ಎಣ್ಣೆ ಹಚ್ಚಿದಂತೆ ಮಿರಮಿರ ಮಿಂಚುವ ಏಳು ಹುಳುಗಳು ಸಿಕ್ಕವು. ಎರೆಹುಳು! ದುಡ್ಡು ಕೊಡದೆ ಬಂದ ಏಳು ಜನ ಕೂಲಿಯಾಳುಗಳು! ಹಿಗ್ಗು ತಡೆಯಲಾರದೆ ಮೂರನ್ನು ಮಣ್ಣಿನ ಸಮೇತ ಡಬ್ಬಿಗೆ ಹಾಕಿ, ಅಪಾರ್ಟ್‌ಮೆಂಟಿನ ಸೆಕ್ರೆಟರಿ ಅಮರೇಶಪ್ಪನವರಿಗೆ ಕಾಣಿಕೆ ಕೊಟ್ಟುಬಂದೆ. ಅಬಿಡ್ಸ್‌ನ ಅಂಚೆ ಕಚೇರಿಯಿಂದ ನಿವೃತ್ತರಾದ ಅವರು ನಮ್ಮ ರಾಯಚೂರಿನವರೇ. ಗುಲಾಬಿ ಗಿಡಗಳೆಂದರೆ ಅವರಿಗೆ ಪ್ರಾಣ.

ಮೂರನೇ ದಿನ ಶಾಂಭವಿ ಬಾಲ್ಕನಿಯಿಂದ ಕೂಗಿದಳು. "ಏನ್ರೀ, ನಿಮ್ಮ ಎರೆಹುಳ ನಾಲಿಗಿ ಚಾಚಾಕತ್ತೈತಿ!"

"ಹುಚ್ಚಿ, ಎರೆಹುಳಕ್ಕ ನಾಲಿಗಿ ಎಲ್ಲಿ ಬಂತು?"

"ನಾನೂ ಅದನ್ನ ಕೇಳಾಕತ್ತೀನಿ."

ವಿಜ್ಞಾನ ತಿಳಿಯದವರ ಜೊತೆ ವಾದವೇಕೆಂದು ಪೇಪರ್ ಬಿಡಿಸಿದೆ. ಭಾನುವಾರ ಬೆಳಿಗ್ಗೆ ಅಮರೇಶಪ್ಪನವರು ಡಬ್ಬಿಯನ್ನು ಮೈಯಿಂದ ಮಾರು ದೂರ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

"ಕಲ್ಲೇಶ ಅವರ, ನೀವು ಕೊಟ್ಟಿದ್ದು ಹಾವ್ರೀ! ನಮ್ಮಾಕಿ ಮಂಚ ಹತ್ತಿ ಕುಂತಾಳ, ಇಳೀವಲ್ಲಳು. ಸಂಜೀ ಒಳಗ ಎಲ್ಲಾ ಸಾಫ್ ಆಗಬೇಕು. ಇಲ್ಲಾಂದ್ರ ಮನಿ ಖಾಲಿ ಮಾಡ್ರಿ!"

ನಾನು ಗಾಂಭೀರ್ಯದಿಂದ ಡಬ್ಬಿಗೆ ಕೈ ಹಾಕಿ ಒಂದನ್ನು ಎತ್ತಿ ಹಿಡಿದೆ. "ನೋಡ್ರಿ, ಹಾವಾಗಿದ್ರ ಇಷ್ಟೊತ್ತಿಗೆ ಕಚ್ಚತಿರಲಿಲ್ಲೇನು?"

ಬೆರಳಿಗೆ ಚುಳ್ ಎಂದು ಏನೋ ಚುಚ್ಚಿತು. ಕೈಯಲ್ಲಿದ್ದದ್ದು ಮತ್ತೆ ಡಬ್ಬಿಗೆ ಬಿತ್ತು.

"ಅಯ್ಯಯ್ಯೋ! ಹಾವು ಕಚ್ಚಿತು!"

"ಎರೆಹುಳ ಅಂದ್ರಲ್ಲ?" ಎಂದಳು ಶಾಂಭವಿ.

"ಸಾಯೋ ಹೊತ್ನ್ಯಾಗ ವಾದ ಬ್ಯಾಡ!"

ಅಮರೇಶಪ್ಪನವರು ಹೆಗಲ ಮೇಲಿನ ಟವೆಲ್ ತೆಗೆದು ನನ್ನ ತೋಳಿಗೆ ಬಿಗಿದರು. ಅಂಚೆ ಮೂಟೆ ಕಟ್ಟಿದ ಅನುಭವದ ಕೈ! ತೋಳು ಬೀಟ್‌ರೂಟ್ ಬಣ್ಣಕ್ಕೆ ತಿರುಗಿತು. ಒಂದು ಬಾಗಿಲಿಂದ ತೆಲುಗಿನಲ್ಲಿ "ಪಾಮು! ಪಾಮು!", ಇನ್ನೊಂದರಿಂದ ಹಿಂದಿಯಲ್ಲಿ "ಸಾಂಪ್! ಸಾಂಪ್!" ಎಂದು ಜನ ಹೊರಬಂದರು. ಮೆಟ್ಟಿಲ ಬಳಿಗೆ ನನ್ನನ್ನು ಎಳೆದೊಯ್ಯುವಷ್ಟರಲ್ಲಿ ಗೆಳೆಯ ದತ್ತಾತ್ರೇಯ ಎದುರಾದ. ಪ್ರತಿ ಭಾನುವಾರ ನಮ್ಮಲ್ಲಿಗೆ ನಾಷ್ಟಾಕ್ಕೆ ಬರುವ ಈತ ರಾಯಚೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವುದನ್ನು ಬಿಟ್ಟು ಅಮೀರ್‌ಪೇಟ್‌ನಲ್ಲಿ ಜಾವಾ ಕಲಿಯುತ್ತಿದ್ದ.

ಸುದ್ದಿ ಕೇಳಿದವನೇ ಟವೆಲ್ ಬಿಚ್ಚಿ ಎಸೆದು, ಅಮರೇಶಪ್ಪನವರು ಜೊತೆಗೆ ತಂದಿದ್ದ ಡಬ್ಬಿಯಿಂದ ಒಂದನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡ.

"ಲೇ ಕಲ್ಲೇಶ, ಇದು ಹುಳುಹಾವು. ಕಣ್ಣು ಕಾಣಂಗಿಲ್ಲ, ವಿಷಾನೂ ಇಲ್ಲ. ಇದರ ಬಾಯಾಗ ನಿನ್ನ ಬೆರಳು ಹಿಡಿಯಂಗೂ ಇಲ್ಲ."

"ಮತ್ತ ಚುಚ್ಚಿದ್ದು?"

"ಬಾಲ. ತುದೀಗೆ ಸಣ್ಣ ಮುಳ್ಳಿನಂಥದ್ದು ಐತಿ. ಹಿಡಕೊಂಡ್ರ ಒತ್ತತೈತಿ, ಅಷ್ಟ."

ಬಾಲದಿಂದ ಕಚ್ಚಿಸಿಕೊಂಡು ಸಾಯಲು ಹೊರಟಿದ್ದ ನಾನು ತೋಳು ತಿಕ್ಕಿಕೊಳ್ಳುತ್ತ ಮೆಟ್ಟಿಲ ಮೇಲೆ ಕುಳಿತೆ. ಬಹಳ ದಿನಗಳ ಮೇಲೆ ಕೇಳುವವರು ಸಿಕ್ಕಿದ್ದರಿಂದ ದತ್ತಾತ್ರೇಯನ ಪಾಠ ನಿಲ್ಲಲಿಲ್ಲ.

"ಇರುವಿ, ಗೆದ್ದಲ, ಅವುಗಳ ತತ್ತಿ, ಇದ ಇವುಗಳ ಊಟ."

"ಗೆದ್ದಲ ತಿಂತಾವೇನ್ರಿ?" ಅಮರೇಶಪ್ಪನವರು ಡಬ್ಬಿಯನ್ನು ಎದೆಗೆ ಅವುಚಿಕೊಂಡರು. "ನಮ್ಮ ಗುಲಾಬಿ ಬುಡಕ್ಕ ಗೆದ್ದಲ ಭಾಳ ಐತಿ. ಇರಲಿ ಬಿಡ್ರಿ, ಪಾಪ!"

ಸಂಜೆಯ ಗಡುವು ಅಲ್ಲೇ ಕರಗಿತು. ಮನೆ ಉಳಿಯಿತು!

"ಇನ್ನೊಂದು ಮಜಾ ಕೇಳ್ರಿ ವೈನಿ," ಎಂದ ದತ್ತಾತ್ರೇಯ. "ಇವುಗಳೊಳಗ ಗಂಡು ಇಲ್ಲ. ಎಲ್ಲಾ ಹೆಣ್ಣು."

"ಗಂಡಿಲ್ದ ಮರಿ ಹೆಂಗ?"

"ತಮ್ಮಷ್ಟಕ್ಕ ತಾವ ತತ್ತಿ ಇಡ್ತಾವ, ಮರಿ ಆಗ್ತಾವ. ಒಂದಿದ್ರ ಸಾಕು."

ಶಾಂಭವಿ ಅವನ ಅಂಗೈಯಿಂದ ಹಾವನ್ನು ತನ್ನ ಅಂಗೈಗೆ ಇಳಿಸಿಕೊಂಡು ಬಾಲ್ಕನಿಗೆ ಹೋಗಿ, ಟೊಮೆಟೊ ಕುಂಡದಲ್ಲಿ ಮೆಲ್ಲಗೆ ಬಿಟ್ಟಳು. ಅದು ಕ್ಷಣದಲ್ಲಿ ಮಣ್ಣೊಳಗೆ ಮಾಯವಾಯಿತು. ಹೋದ ಮಾನವನ್ನು ಸ್ವಲ್ಪವಾದರೂ ಮರಳಿ ಪಡೆಯೋಣವೆಂದು ನಾನು ಮಣ್ಣು ಕೆದರುವ ಕುರ್ಚಿಗಿ ಹಿಡಿದು ಮುಂದೆ ಬಂದೆ.

"ಸರಿ, ನಾ ಸ್ವಲ್ಪ ಮಣ್ಣು ಸಡಿಲ ಮಾಡಿಕೊಡ್ತೀನಿ. ಪಾಪ, ಅದಕ್ಕ ಅನುಕೂಲ ಆಗತೈತಿ."

ಶಾಂಭವಿ ನನ್ನ ಕೈಯಿಂದ ಕುರ್ಚಿಗಿ ಕಸಿದುಕೊಂಡಳು.

"ಗಂಡಸಿಲ್ದ ಸಂಸಾರ ಎಷ್ಟು ಚಂದ ನಡದೈತಿ ಅಲ್ಲಿ. ನಡುವ ನೀವು ಕೈ ಹಾಕಿ ಕೆಡಸಬ್ಯಾಡ್ರಿ. ಒಳಗ ಹೋಗಿ ಉಳ್ಳಾಗಡ್ಡಿ ಹೆಚ್ಚ್ರಿ!"